ಮರ ಏರುವವನ ಮೊದಲ ಸರಂಜಾಮು

ಮರವೇರುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹಾನಗಲ್ಲಿನ ಅಡಿಕೆ ತೋಟಗಳಲ್ಲಿ ಮತ್ತು ಮಾವಿನ ತೋಪುಗಳಲ್ಲಿ, ಹಿರೇಕೆರೂರಿನ ತೆಂಗಿನ ಸಾಲುಗಳಲ್ಲಿ, ಶಿಗ್ಗಾವಿ ಸವಣೂರುಗಳ ದಾರಿಬದಿಯ ಹುಣಸೆ ಬೇವುಗಳಲ್ಲಿ ತಲೆಮಾರುಗಳಿಂದ ಏರಿ ಇಳಿದು ಸಂಸಾರ ಸಾಗಿಸಿದವರು ನಮ್ಮ ನಡುವೆ ಇದ್ದಾರೆ. ಮುಗಿಲು ಮುಟ್ಟುವ ಹುಣಸೆಯನ್ನೂ ‘ಗಿಡ’ವೆಂದೇ ಕರೆದು, ‘ಗಿಡಾ ಏರಾಕ ಅದೇನು ದೊಡ್ಡ ಮಾತು’ ಎನ್ನುವುದು ನಮ್ಮ ಜನರ ರೂಢಿ. ಬರಿಗಾಲು, ಪಾದಗಳಿಗೊಂದು ತಳೆಹಗ್ಗ, ಸೊಂಟಕ್ಕೊಂದು ಕುಡುಗೋಲು. ಇಷ್ಟೇ ಅವರ ಆಸ್ತಿ. ಆದರೆ ಮಾತು ನಿಜವಾಗಿಯೂ ಚಿಕ್ಕದಲ್ಲವೆಂಬುದನ್ನು ಬಿದ್ದವನ ಮನೆಯವರು ಮಾತ್ರ ಬಲ್ಲರು.

ಈಚಿನ ವರ್ಷಗಳಲ್ಲಿ ಈ ಕಸುಬು ಹೊಸ ರೂಪ ತಾಳುತ್ತಿದೆ. ಏರುವವರು ಕಡಿಮೆಯಾದಂತೆ ಏರಬಲ್ಲವನಿಗೆ ಬೇಡಿಕೆ ಹೆಚ್ಚಿದೆ. ತೆಂಗು ಅಡಿಕೆಗಳ ಕೊಯ್ಲು ಮಾತ್ರವಲ್ಲದೆ ಮನೆಯ ಮೇಲೆ ಬಾಗಿದ ಟೊಂಗೆಯನ್ನು ಇಳಿಸುವುದು, ಮಾವಿನ ನೆತ್ತಿಯನ್ನು ಸವರುವುದು, ಶಾಲೆಯ ಅಂಗಳದ ಒಣಕೊಂಬೆಯನ್ನು ತೆಗೆಯುವುದು, ಹೀಗೆ ಮರದ ಆರೈಕೆಯೇ ಒಂದು ಉದ್ಯೋಗವಾಗುತ್ತಿದೆ. ಪಟ್ಟಣಗಳಲ್ಲಿ ಇಂಥವರನ್ನು ಆರ್ಬರಿಸ್ಟ್ ಎನ್ನುತ್ತಾರೆ. ನಾವು ವೃಕ್ಷಪಾಲಕರೆಂದು ಕರೆಯೋಣ. ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಯುವಕರು ನಮ್ಮೊಡನೆ ಮಾತನಾಡುವಾಗ ಸಾಮಾನ್ಯವಾಗಿ ಒಂದೇ ಪ್ರಶ್ನೆಯನ್ನು ಮುಂದಿಡುತ್ತಾರೆ: ಕೈಯಲ್ಲಿರುವ ಹಣ ಅಲ್ಪ, ಅಂಗಡಿಯಲ್ಲಿರುವ ವಸ್ತುಗಳು ಬಹಳ, ಮೊದಲು ಕೊಳ್ಳಬೇಕಾದುದು ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ವಾರದ ನಮ್ಮ ಉದ್ದೇಶ.

ಏರಿಸುವುದು, ಹಿಡಿಯುವುದು

ಪ್ರಶ್ನೆಯನ್ನು ಸರಿಯಾಗಿ ಬಿಡಿಸಿದರೆ ಅರ್ಧ ಉತ್ತರ ದೊರೆತಂತೆ. ಮರವೇರುವವನ ಉಪಕರಣಗಳಲ್ಲಿ ಎರಡು ಜಾತಿಗಳಿವೆ. ಮೇಲಕ್ಕೆ ಏರಿಸುವ ಉಪಕರಣಗಳು ಒಂದು ಜಾತಿ. ಮೇಲೆ ಹೋದವನನ್ನು ಹಿಡಿದಿಡುವ ಉಪಕರಣಗಳು ಇನ್ನೊಂದು ಜಾತಿ. ಹೊಸಬರ ಕಣ್ಣು ಸಹಜವಾಗಿಯೇ ಮೊದಲನೆಯದರ ಮೇಲೆ ಬೀಳುತ್ತದೆ. ಏಕೆಂದರೆ ಏರುವುದು ಕಣ್ಣಿಗೆ ಕಾಣುವ ಸಾಹಸ. ಹಿಡಿದಿಡುವುದು ಕಾಣದ ಸೇವೆ. ನಮ್ಮ ಉತ್ತರ ಸ್ಪಷ್ಟವಾಗಿದೆ: ಮೊದಲ ಹಣ ಹಿಡಿದಿಡುವ ವಸ್ತುವಿಗೇ ಸಲ್ಲಬೇಕು. ಏರಿಸುವ ವಸ್ತುವನ್ನು ಬಾಡಿಗೆಗೆ ತರಬಹುದು, ನಾಲ್ವರು ಸೇರಿ ಕೊಳ್ಳಬಹುದು, ತೋಟದ ಮಾಲೀಕನಿಂದ ಕಡ ಪಡೆಯಬಹುದು. ಹಿಡಿದಿಡುವ ವಸ್ತು ತನ್ನ ಮೈಗೆ ಒಪ್ಪಿದ, ತಾನೇ ದಿನವೂ ಪರೀಕ್ಷಿಸಿದ ತನ್ನದೇ ವಸ್ತುವಾಗಿರಬೇಕು.

ಇದಕ್ಕೆ ಕಾರಣವನ್ನು ಲೆಕ್ಕವೇ ಹೇಳುತ್ತದೆ. 40 ಅಡಿ ಎತ್ತರದಿಂದ ಜಾರಿದ ಮನುಷ್ಯ ನೆಲ ಮುಟ್ಟಲು ಬೇಕಾದ ಕಾಲ ಸುಮಾರು ಒಂದೂವರೆ ಸೆಕೆಂಡು. ಆ ಹೊತ್ತಿಗೆ ಅವನ ವೇಗ ಗಂಟೆಗೆ ಸುಮಾರು 55 ಕಿಲೋಮೀಟರು. ಒಂದೂವರೆ ಸೆಕೆಂಡಿನಲ್ಲಿ ಯಾವ ಅನುಭವವೂ ಯಾವ ಧೈರ್ಯವೂ ನೆರವಿಗೆ ಬರಲಾರದು. ಅದಕ್ಕೂ ಮುಂಚೆಯೇ ಕಟ್ಟಿಕೊಂಡ ಪಟ್ಟಿಯೊಂದೇ ನೆರವಿಗೆ ಬರಬಲ್ಲುದು.

ಹಳೆಯ ಕೊನೆಗಾರನು ಇದನ್ನು ತನ್ನದೇ ರೀತಿಯಲ್ಲಿ ಅರಿತಿದ್ದನು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಅವನು ತಳೆಯಿಂದ ಮೇಲೇರಿ, ಪುಟ್ಟ ಮಣೆಯೊಂದನ್ನು ಕಾಂಡಕ್ಕೆ ಕಟ್ಟಿ ಅದರ ಮೇಲೆ ಕುಳಿತು ಕೊನೆ ಕೊಯ್ಯುತ್ತಿದ್ದನು. ತಳೆ ಏರಿಸುತ್ತಿತ್ತು, ಮಣೆ ಕೈಗಳಿಗೆ ಬಿಡುವು ಕೊಡುತ್ತಿತ್ತು. ಮನುಷ್ಯನ ಕೈ ಎಲ್ಲ ಉಪಕರಣಗಳನ್ನು ಬಳಸುವ ಉಪಕರಣವೆಂದು ಅರಿಸ್ಟಾಟಲ್ ಎಣಿಸಿದ್ದನು. ಆ ಕೈಗಳೆರಡೂ ಮರವನ್ನು ತಬ್ಬಿಕೊಂಡೇ ಇದ್ದರೆ ಕುಡುಗೋಲನ್ನು ಹಿಡಿಯುವವರಾರು? ಕೈಗಳನ್ನು ನಿರ್ಭಯವಾಗಿ ಬಿಡಲು ಅವಕಾಶ ಕೊಡುವ ವಸ್ತುವೇ ಈ ಕಸುಬಿನ ನಿಜವಾದ ಮೂಲಧನ. ಆದರೆ ಮಣೆಗೆ ಒಂದು ಕೊರತೆ ಇತ್ತು. ಅದು ಕುಳಿತವನನ್ನು ಹೊರುತ್ತಿತ್ತು, ಜಾರಿದವನನ್ನು ಹಿಡಿಯುತ್ತಿರಲಿಲ್ಲ.

ಯಂತ್ರಗಳ ಪಾಠ

ಯಂತ್ರಗಳ ಇತಿಹಾಸವೂ ಇದೇ ಪಾಠವನ್ನು ಕಲಿಸುತ್ತದೆ. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತ ಎಂ. ಜೆ. ಜೋಸೆಫ್ ರೂಪಿಸಿದ ತೆಂಗು ಏರುವ ಸಾಧನ ಇಂದು ದಕ್ಷಿಣ ಭಾರತದಲ್ಲೆಲ್ಲ ಪರಿಚಿತವಾಗಿದೆ. ಕಾಂಡವನ್ನು ಬಳಸಿ ಹಿಡಿಯುವ ಉಕ್ಕಿನ ತಂತಿಯ ಕುಣಿಕೆಗಳಿರುವ ಎರಡು ಚೌಕಟ್ಟುಗಳು. ಒಂದೊಂದರ ಮೇಲೆ ಒಂದೊಂದು ಪಾದ. ಒಂದನ್ನು ಸಡಿಲಿಸಿ ಎತ್ತುವಾಗ ಇನ್ನೊಂದು ದೇಹದ ಭಾರದಿಂದಲೇ ಬಿಗಿಯುತ್ತದೆ. ತಳೆಹಗ್ಗದಲ್ಲಿ ಏರಲಾರದವರೂ ಇದರಿಂದ ಏರಿದರು. ಹೆಣ್ಣುಮಕ್ಕಳೂ ತರಬೇತಿ ಪಡೆದು ಏರಿದರು. ಆದರೆ ಏರಿಸುವ ಈ ಜಾಣ ಯಂತ್ರಕ್ಕೂ ಮುಂದೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಸುರಕ್ಷಾ ಜೋಡಣೆಯೊಂದನ್ನು ರೂಪಿಸಿ ಸೇರಿಸಬೇಕಾಯಿತು. ಕಾಲು ಜಾರಿದರೂ ಏರಿದವನು ನೆಲಕ್ಕೆ ಬೀಳದಂತೆ ಕಾಯುವುದೇ ಅದರ ಕೆಲಸ.

ಅನಂತರ ನಮ್ಮ ದಕ್ಷಿಣ ಕನ್ನಡದ ಸಜಿಪಮೂಡದ ಗಣಪತಿ ಭಟ್ಟರು ಅಡಿಕೆ ಮರವೇರುವ ಪೆಟ್ರೋಲ್ ಚಾಲಿತ ವಾಹನವನ್ನು ನಿರ್ಮಿಸಿ 2019ರಲ್ಲಿ ದೇಶದ ಗಮನ ಸೆಳೆದರು. ಈಚೆಗೆ ಏರುವ ಕೆಲಸವನ್ನೇ ತಪ್ಪಿಸುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ನೆಲದ ಮೇಲೆಯೇ ನಿಂತು ಅಡಿಕೆ ಕೊಯ್ಯಬಹುದು, ಬೋರ್ಡೋ ದ್ರಾವಣ ಸಿಂಪಡಿಸಬಹುದು. ಮಳೆಗಾಲದ ನುಣುಪು ಕಾಂಡವನ್ನು ಏರದೆ ಕೊಳೆರೋಗಕ್ಕೆ ಔಷಧ ಹೊಡೆಯಬಹುದಾದರೆ ಅದು ಉಪಕಾರವೇ. ಏರದೆ ಆಗುವ ಕೆಲಸಕ್ಕೆ ಏರಬಾರದು. ಇದು ವೃಕ್ಷಪಾಲಕನ ಮೊದಲ ನಿಯಮ. ಆದರೂ ಒಂದು ಎಚ್ಚರಿಕೆ ಅಗತ್ಯ. ಕಾರ್ಬನ್ ಫೈಬರು ವಿದ್ಯುತ್ತನ್ನು ಹರಿಯಗೊಡುತ್ತದೆ, ಅಲ್ಯೂಮಿನಿಯಂ ಕೂಡ ಹಾಗೆಯೇ. 11 ಕಿಲೋವೋಲ್ಟಿನ ತಂತಿ ಹಾದುಹೋಗುವ ತೋಟದಲ್ಲಿ ನೆಲದ ಮೇಲೆ ನಿಂತವನಿಗೂ ದೋಟಿ ಮೃತ್ಯುವಾಗಬಲ್ಲುದು. ತಂತಿಯ ಬಳಿಯ ಮರವಾದರೆ ವಿದ್ಯುತ್ ಕಚೇರಿಯವರು ಸಂಪರ್ಕ ಕಡಿದು ಖಚಿತಪಡಿಸುವವರೆಗೆ ಮುಟ್ಟಬಾರದು.

ಕೊಳ್ಳುವ ಕ್ರಮ

ಇನ್ನು ಕ್ರಮವಾಗಿ ನೋಡೋಣ.

ಮೊದಲನೆಯದು ಹಾರ್ನೆಸ್, ಅಂದರೆ ಸೊಂಟ ತೊಡೆಗಳನ್ನು ಬಳಸಿ ದೇಹವನ್ನು ಹೊರುವ ಪಟ್ಟಿಗಳ ಜೋಡಣೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಕಟ್ಟಡ ಕೆಲಸದವರ ಹಾರ್ನೆಸ್. ಅದರ ಉಂಗುರವಿರುವುದು ಬೆನ್ನಿನ ಮೇಲೆ. ಬಿದ್ದವನನ್ನು ಅದು ಹಿಡಿಯುತ್ತದೆ, ನಿಜ. ಆದರೆ ಅದರಲ್ಲಿ ಒರಗಿ ಕೆಲಸ ಮಾಡಲಾಗದು. ಮರದ ಕೆಲಸಕ್ಕೆ ಸೊಂಟದ ಎರಡು ಪಕ್ಕಗಳಲ್ಲಿ ಒಂದೊಂದು ಉಂಗುರವೂ ಮುಂಭಾಗದಲ್ಲಿ ಹಗ್ಗ ಕಟ್ಟುವ ಜಾಗವೂ ಅಗಲವಾದ ತೊಡೆಪಟ್ಟಿಗಳೂ ಇರಬೇಕು. ಎದೆ ಭುಜಗಳ ಪಟ್ಟಿಯೂ ಇದ್ದರೆ ಇನ್ನೂ ಮೇಲು. ಬರಿಯ ಸೊಂಟಪಟ್ಟಿ ಮಾತ್ರ ಬೇಡವೇ ಬೇಡ. ಬಿದ್ದಾಗ ಅದು ಬೆನ್ನೆಲುಬಿಗೂ ಹೊಟ್ಟೆಗೂ ಪೆಟ್ಟು ಕೊಡುತ್ತದೆ, ತಲೆಕೆಳಗಾದರೆ ಜಾರಿಹೋಗುತ್ತದೆ. ಪಟ್ಟಿಯ ಮೇಲೆ ಭಾರತೀಯ ಮಾನಕವಾದ ಐ.ಎಸ್. 3521 ಅಥವಾ ಯುರೋಪಿನ ಇ.ಎನ್. 358, ಇ.ಎನ್. 813 ಎಂಬ ಗುರುತು ಮತ್ತು ತಯಾರಾದ ವರ್ಷ ಅಚ್ಚಾಗಿದೆಯೇ ಎಂದು ನೋಡಬೇಕು. ಗುರುತಿಲ್ಲದ ಪಟ್ಟಿ ಎಷ್ಟು ಅಗ್ಗವಾದರೂ ದುಬಾರಿಯೇ. ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ತೊಟ್ಟು, ನೆಲದಿಂದ ಗೇಣುದ್ದ ಮೇಲೆ ಹತ್ತು ನಿಮಿಷ ತೂಗಾಡಿ ನೋಡುವುದು ಲೇಸು. ಹತ್ತು ನಿಮಿಷದಲ್ಲಿ ಕಾಲು ಜೋಮು ಹಿಡಿಯುವುದಾದರೆ ಆ ಅಳತೆ ನಿಮ್ಮದಲ್ಲ.

ಎರಡನೆಯದು ಉದ್ದವನ್ನು ಹೊಂದಿಸಿಕೊಳ್ಳಬಹುದಾದ ಲ್ಯಾನ್‌ಯಾರ್ಡ್, ಅಂದರೆ ಕಾಂಡವನ್ನು ಬಳಸಿ ಪಕ್ಕದ ಉಂಗುರಗಳಿಗೆ ಸೇರುವ ಗಿಡ್ಡ ಹಗ್ಗ. ಸಾಧ್ಯವಾದರೆ ಎರಡು ಇರಲಿ. ಟೊಂಗೆ ಅಡ್ಡ ಬಂದಾಗ ಒಂದನ್ನು ಬಿಚ್ಚುವ ಮೊದಲು ಇನ್ನೊಂದನ್ನು ಕಟ್ಟಬಹುದು. ಯಾವ ಕ್ಷಣದಲ್ಲಿಯೂ ಕಟ್ಟಿಲ್ಲದ ಸ್ಥಿತಿ ಬಾರದು. ತೆಂಗು ಅಡಿಕೆಗಳ ಕಾಂಡದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಂಡವನ್ನು ಸಡಿಲವಾಗಿ ಬಳಸಿದ ಹಗ್ಗ, ಕಾಲು ಜಾರಿದಾಗ, ಮನುಷ್ಯನೊಡನೆ ತಾನೂ ಬುಡದವರೆಗೆ ಜಾರುತ್ತದೆ. ನಡುವೆ ತಡೆಯುವ ಕವಲು ಅಲ್ಲಿಲ್ಲ. ಆದ್ದರಿಂದ ಭಾರ ಬಿದ್ದೊಡನೆ ಕಾಂಡವನ್ನು ಕಚ್ಚಿ ಬಿಗಿಯುವಂತೆ ಕುಣಿಕೆ ಹಾಕುವುದನ್ನು ಬಲ್ಲವರಿಂದ ಕಲಿಯಬೇಕು.

ಇವೆರಡನ್ನು ಜೋಡಿಸುವ ಕೊಂಡಿಯೇ ಕ್ಯಾರಾಬಿನರ್. ಅದರ ಬಾಗಿಲು ತಾನಾಗಿಯೇ ಮುಚ್ಚಿ ಬೀಗ ಬೀಳುವಂಥದಾಗಿರಬೇಕು. ತೆರೆಯಲು ಮೂರು ಬೇರೆ ಬೇರೆ ಚಲನೆ ಬೇಕಾಗುವಂಥದು ಮರದ ಕೆಲಸಕ್ಕೆ ಉತ್ತಮ. ಎಲೆ, ಕಡ್ಡಿ, ಹಗ್ಗ ಉಜ್ಜಿದರೆ ತೆರೆಯುವ ಕೊಂಡಿ ಬೇಡ. ಕೀಲಿಗೊಂಚಲಿಗೆಂದು ಮಾರುವ ಬಣ್ಣದ ಕೊಂಡಿಗಳು ನೋಟಕ್ಕೆ ಹೀಗೆಯೇ ಇರುತ್ತವೆ; ಅವು ದೇಹದ ಭಾರಕ್ಕೆ ಮಾಡಿದವಲ್ಲ. ಒಳ್ಳೆಯ ಕೊಂಡಿಯ ಮೈಮೇಲೆ 22 ಕಿಲೋನ್ಯೂಟನ್ ಅಥವಾ ಅದಕ್ಕೂ ಮೇಲಿನ ಸಂಖ್ಯೆ ಕೊರೆದಿರುತ್ತದೆ. ಅದು ಸುಮಾರು 2,200 ಕಿಲೋಗ್ರಾಂ ಭಾರಕ್ಕೆ ಸಮ. 60 ಕಿಲೋ ತೂಗುವವನಿಗೆ ಇಷ್ಟೇಕೆ ಎಂದು ಕೇಳಬಹುದು. ನಿಂತ ಭಾರ ಬೇರೆ, ಬೀಳುವ ಭಾರ ಬೇರೆ. ಸಡಿಲ ಹಗ್ಗದಲ್ಲಿ ಒಂದು ಮಾರು ಬಿದ್ದವನು ತನ್ನ ತೂಕದ ಎಷ್ಟೋ ಪಟ್ಟು ಬಲದಿಂದ ಜಗ್ಗುತ್ತಾನೆ. ಹಗ್ಗವನ್ನು ಸದಾ ಬಿಗಿಯಾಗಿ ಇಟ್ಟುಕೊಳ್ಳಬೇಕೆಂಬ ನಿಯಮಕ್ಕೂ ಇದೇ ಕಾರಣ.

ಮೂರನೆಯದು ಹೆಲ್ಮೆಟ್. ಗದ್ದದ ಪಟ್ಟಿ ಇಲ್ಲದ ಹೆಲ್ಮೆಟ್ ಬೀಳುವಾಗ ಮನುಷ್ಯನಿಗಿಂತ ಮೊದಲೇ ಬೇರೆ ದಾರಿ ಹಿಡಿಯುತ್ತದೆ. ಬೈಕಿನ ಹೆಲ್ಮೆಟ್ ಭಾರವಾದುದು, ಮೇಲೆ ನೋಡಲೂ ಕೆಳಗಿನವರ ಕೂಗು ಕೇಳಲೂ ಬಿಡದು. ಪರ್ವತಾರೋಹಿಗಳ ಇ.ಎನ್. 12492 ಗುರುತಿನ ಹಗುರ ಹೆಲ್ಮೆಟ್ ಈ ಕೆಲಸಕ್ಕೆ ಒಪ್ಪುತ್ತದೆ. ಕೆಳಗೆ ನಿಂತು ಹಗ್ಗ ಹಿಡಿಯುವ ಸಂಗಡಿಗನಿಗೂ ಒಂದು ಬೇಕು. ತೆಂಗಿನಕಾಯಿ ಏರಿದವನ ತಲೆಯ ಮೇಲೆ ಬೀಳುವುದಿಲ್ಲವಷ್ಟೇ.

ನಾಲ್ಕನೆಯದು ಏರುವ ಹಗ್ಗ. ಹುಣಸೆ, ಮಾವು, ಆಲಗಳಂಥ ಕವಲೊಡೆದ ಮರಗಳಿಗೆ ಇದು ಅವಶ್ಯ. ಕೇವಲ ತೆಂಗು ಅಡಿಕೆ ಮಾಡುವವನು ಸ್ವಲ್ಪ ಕಾಯಬಹುದು. ಒಳಗೆ ತಿರುಳು, ಹೊರಗೆ ಹೆಣೆದ ಹೊದಿಕೆ ಇರುವ, ಕಡಿಮೆ ಹಿಗ್ಗುವ 11ರಿಂದ 13 ಮಿಲಿಮೀಟರ್ ದಪ್ಪದ ಹಗ್ಗ ಇದಕ್ಕೆ ತಕ್ಕುದು, ಇ.ಎನ್. 1891 ಎಂಬ ಗುರುತಿರಲಿ. ಸಂತೆಯಲ್ಲಿ ತೂಕದ ಮೇಲೆ ಮಾರುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ದನ ಕಟ್ಟಲು, ಹೊರೆ ಬಿಗಿಯಲು ಸರಿ. ಬಿಸಿಲಿಗೆ ಅದು ಒಳಗೊಳಗೇ ಸತ್ತಿರುತ್ತದೆ. ನಾರಿನ ಹಗ್ಗ ತೇವಕ್ಕೆ ಕೊಳೆಯುತ್ತದೆ. ಯಾವ ಹಗ್ಗದಲ್ಲಿಯೂ ಗಂಟು ಹಾಕಿದ ಕಡೆ ಶಕ್ತಿ ಮೂರನೆಯ ಒಂದು ಭಾಗದಷ್ಟು ಕುಗ್ಗಬಹುದೆಂಬುದನ್ನು ಮರೆಯಬಾರದು. ಹಗ್ಗದೊಡನೆ ಕಲಿಯಬೇಕಾದ ಗಂಟು ಪ್ರೂಸಿಕ್. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ತಿಳಿಯಪಡಿಸಿದ ಈ ಗಂಟು ಭಾರವಿಲ್ಲದಾಗ ಹಗ್ಗದ ಮೇಲೆ ಸರಿಯುತ್ತದೆ, ಭಾರ ಬಿದ್ದೊಡನೆ ಕಚ್ಚುತ್ತದೆ. ಅಗ್ಗದ ಒಂದು ತುಂಡು ಹಗ್ಗ ಮತ್ತು ಸರಿಯಾಗಿ ಕಲಿತ ಗಂಟು ಸೇರಿದರೆ ದುಬಾರಿ ಲೋಹದ ಸಾಧನದ ಕೆಲಸವನ್ನು ಮಾಡಬಲ್ಲವು.

ಕೊನೆಯದಾಗಿ ಒರೆಯಿರುವ ಒಂದು ಕೈಗರಗಸ. ಇಷ್ಟೇ ಮೊದಲ ಸರಂಜಾಮು. ಯಂತ್ರಗರಗಸವನ್ನು ಮೊದಲ ವರ್ಷ ಕೊಳ್ಳದಿರುವುದೇ ಜಾಣತನ. ಓಡುತ್ತಿರುವ ಯಂತ್ರಗರಗಸಕ್ಕೆ ಟೊಂಗೆಯೂ ಒಂದೇ, ತನ್ನನ್ನು ಹಿಡಿದಿರುವ ಹಗ್ಗವೂ ಒಂದೇ.

ಮರಕ್ಕೂ ಒಂದು ಮೈ ಇದೆ

ಹೊಸಬರನ್ನು ಸೆಳೆಯುವ ಇನ್ನೊಂದು ವಸ್ತು ಕಾಲಿಗೆ ಕಟ್ಟುವ ಉಕ್ಕಿನ ಮೊಳೆ. ಕಡಿದುರುಳಿಸಬೇಕಾದ ಮರಕ್ಕೆ ಅದು ಆಗಬಹುದು. ಬದುಕಬೇಕಾದ ಮರಕ್ಕೆ ಖಂಡಿತ ಬೇಡ. ಮಾವು, ಬೇವುಗಳು ಗಾಯದ ಸುತ್ತ ಹೊಸ ತೊಗಟೆ ಬೆಳೆಸಿ ಕಾಲಕ್ರಮೇಣ ಅದನ್ನು ಮುಚ್ಚಬಲ್ಲವು. ತೆಂಗು ಅಡಿಕೆಗಳಿಗೆ ಆ ಶಕ್ತಿ ಇಲ್ಲ. ತೊಗಟೆಯ ಕೆಳಗೆ ಹೊಸ ಜೀವಕೋಶಗಳನ್ನು ಹುಟ್ಟಿಸುವ ಪದರ ಅವುಗಳ ಕಾಂಡದಲ್ಲಿಲ್ಲ. ಇಂದು ಚುಚ್ಚಿದ ತೂತು ಮರ ಸಾಯುವವರೆಗೂ ತೂತಾಗಿಯೇ ಉಳಿಯುತ್ತದೆ, ಕೆಂಪುಮೂತಿ ಹುಳುವಿಗೆ ಬಾಗಿಲಾಗುತ್ತದೆ. ಹತ್ತಲು ಸುಲಭವೆಂದು ತೆಂಗಿಗೆ ಮಚ್ಚಿನಿಂದ ಮೆಟ್ಟಿಲು ಕಡಿಯುವ ರೂಢಿಯೂ ಇದೇ ಅಪರಾಧಕ್ಕೆ ಸೇರಿದ್ದು.

ಈ ಮಾತು ಬಂದಾಗ ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ಮಹಾವೃಕ್ಷಗಳು ನೆನಪಾಗುತ್ತವೆ. ಆಫ್ರಿಕದ ಬಾವೊಬಾಬ್ ಜಾತಿಯ ಆ ಮರಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿತು. ಸೌದೆಯೆಂದು ಬಗೆಯದೆ ಅದನ್ನು ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಮರವೂ ಆರೈಕೆಗೆ ಅರ್ಹವಾದ ಜೀವಿ ಎಂಬ ಅರಿವು ನಮ್ಮ ನೆಲದಲ್ಲಿ ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಂಥ ಮರದ ತಿರುಳು ನೀರು ತುಂಬಿದ, ಮೃದುವಾದ ನಾರು. ಅದರ ಗಾತ್ರವನ್ನು ಕಂಡು ಗಟ್ಟಿಯೆಂದು ನಂಬಿ ಹಗ್ಗ ಕಟ್ಟುವವನು ಮೋಸಹೋದಾನು. ಪ್ರತಿಯೊಂದು ಮರವನ್ನೂ ಏರುವ ಮೊದಲು ಸುತ್ತಿ ನೋಡಬೇಕು: ಬುಡದಲ್ಲಿ ಅಣಬೆ ಇದೆಯೇ, ಟೊಳ್ಳು ಇದೆಯೇ, ಒಣಕೊಂಬೆ ಎಲ್ಲಿದೆ, ನೆತ್ತಿಯಲ್ಲಿ ಹೆಜ್ಜೇನು ಕಟ್ಟಿದೆಯೇ. ಹೆಜ್ಜೇನು ಎದ್ದಾಗ ಯಾವ ಹಗ್ಗವೂ ಕಾಪಾಡದು.

ಕಾಯುವುದು, ಬಿಸಾಡುವುದು

ಸಂತ ಥಾಮಸ್ ಅಕ್ವೀನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ನೆನಪು, ಕಲಿಯುವ ವಿನಯ, ಮುಂದಾಲೋಚನೆ, ಎಚ್ಚರ ಇವುಗಳನ್ನು ಸೇರಿಸಿದ್ದಾರೆ. ಮರವೇರುವವನಿಗೆ ಇವು ನಾಲ್ಕೂ ದಿನನಿತ್ಯದ ಕೆಲಸ. ಏರುವ ಮುನ್ನ ಹಗ್ಗದ ಪೂರ್ತಿ ಉದ್ದವನ್ನು ಬೆರಳುಗಳ ನಡುವೆ ಹಾಯಿಸಿ ನೋಡುವುದು, ಹೊಲಿಗೆಯ ಒಂದೊಂದು ಎಳೆಯನ್ನು ಗಮನಿಸುವುದು, ಕೊಂಡಿಯ ಬಾಗಿಲನ್ನು ತೆರೆದು ಬಿಟ್ಟು ತಾನೇ ಮುಚ್ಚುವುದೇ ಎಂದು ಪರೀಕ್ಷಿಸುವುದು, ಇಷ್ಟಕ್ಕೆ ಐದು ನಿಮಿಷ ಸಾಕು. ಸರಂಜಾಮನ್ನು ಬ್ಯಾಟರಿ, ಗೊಬ್ಬರ, ಮೈಲುತುತ್ತಗಳ ಬಳಿ ಇಡಬಾರದು. ತೊಳೆದರೆ ಬರಿಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ದೊಡ್ಡ ಜಗ್ಗಿಗೆ ಸಿಕ್ಕ ಪಟ್ಟಿಯನ್ನು, ಪೆಟ್ಟು ತಿಂದ ಹೆಲ್ಮೆಟನ್ನು ಹೊಸದರಂತೆ ಕಂಡರೂ ಬಿಸಾಡಬೇಕು. ಒಮ್ಮೆಯೂ ಬಳಸದಿದ್ದರೂ ಬಟ್ಟೆಯ ಪಟ್ಟಿ, ಹಗ್ಗಗಳಿಗೆ ಹೆಚ್ಚಿನ ತಯಾರಕರು ಹೇಳುವ ಗರಿಷ್ಠ ಆಯುಷ್ಯ ಹತ್ತು ವರ್ಷ. ಇನ್ನೊಬ್ಬರು ಬಳಸಿ ಮಾರುವ ಪಟ್ಟಿಯನ್ನು ಕೊಳ್ಳಲೇಬಾರದು. ಅದರ ಕಥೆ ನಮಗೆ ತಿಳಿದಿಲ್ಲ.

ಒಬ್ಬನೇ ಏರಬಾರದೆಂಬುದೂ ಸರಂಜಾಮಿನ ಒಂದು ಭಾಗವೇ. ಪಟ್ಟಿಯಲ್ಲಿ ಪ್ರಜ್ಞೆ ತಪ್ಪಿ ನಿಶ್ಚಲವಾಗಿ ನೇತಾಡುವವನ ರಕ್ತ ಕಾಲುಗಳಲ್ಲಿ ನಿಲ್ಲುತ್ತದೆ. ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯ. ಅವನನ್ನು ಇಳಿಸಬಲ್ಲ ಇನ್ನೊಬ್ಬನು, ಇನ್ನೊಂದು ಹಗ್ಗದೊಡನೆ, ಬುಡದಲ್ಲಿರಬೇಕು.

ಬೆಲೆ ತೆರುವವರು ಯಾರು

ಇಷ್ಟೆಲ್ಲ ಓದಿದ ಬಳಿಕ ಯುವಕನೊಬ್ಬನು, ‘ಇಷ್ಟು ಹಣ ನನ್ನಲ್ಲಿಲ್ಲ’ ಎಂದರೆ ಅವನನ್ನು ದೂರಲಾಗದು. ಈ ಮಾತು ಅವನಿಗಿಂತ ಹೆಚ್ಚಾಗಿ ತೋಟದ ಒಡೆಯರಿಗೆ ಸಲ್ಲಬೇಕು. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟಬೇಕು, ಇಲ್ಲವಾದರೆ ಅಲ್ಲಿಂದ ಬಿದ್ದವನ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ವಿಧಿಸುತ್ತದೆ. ಹೊಣೆ ಬಿದ್ದವನದಲ್ಲ, ಎತ್ತರದ ಒಡೆಯನದು. ಮಾಳಿಗೆಗೆ ಸಲ್ಲುವ ನ್ಯಾಯ ಅಡಿಕೆ ಮರಕ್ಕೂ ಸಲ್ಲುತ್ತದೆ. ಹತ್ತು ಮಂದಿ ಬೆಳೆಗಾರರು ಕೂಡಿ, ಅಥವಾ ಊರಿನ ಸಹಕಾರ ಸಂಘದ ಮೂಲಕ, ಎರಡು ಹಾರ್ನೆಸ್, ಎರಡು ಹೆಲ್ಮೆಟ್, ಒಂದು ಒಳ್ಳೆಯ ಹಗ್ಗ ಕೊಡಿಸುವುದು ಒಂದು ಸುಗ್ಗಿಯ ಲೆಕ್ಕದಲ್ಲಿ ದೊಡ್ಡದಲ್ಲ. ಅಳತೆ ಅವರವರ ಮೈಗೆ ಆಗಲಿ, ಹಣ ಎಲ್ಲರದಾಗಲಿ.

ಸರಕಾರದ ನೆರವೂ ಇದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಕೇರಳದಲ್ಲಿ ಆರಂಭಿಸಿದ ‘ತೆಂಗಿನ ಮರದ ಗೆಳೆಯರು’ ಎಂಬ ಆರು ದಿನಗಳ ತರಬೇತಿ ಮುಂದೆ ಕರ್ನಾಟಕದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ ನಡೆದಿದೆ. ಕಲಿತವರಿಗೆ ಏರುವ ಯಂತ್ರವನ್ನೂ ಕೊಟ್ಟಿದ್ದಾರೆ. ತೆಂಗು ಏರುವವರಿಗೆಂದೇ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನೂ ಮಂಡಳಿ ನಡೆಸುತ್ತಿದೆ. ನಮ್ಮ ಹಾವೇರಿ ಜಿಲ್ಲೆಯವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸುವುದು ಒಳಿತು. ವಿಮೆಯ ಕಾಗದ ಕೈಗೆ ಬರುವ ಮೊದಲೇ ಸುಗ್ಗಿಗೆ ಇಳಿಯುವ ಆತುರ ಬೇಡ.

ಹೊಸಬರಿಗೆ ನಮ್ಮ ಕಡೆಯ ಸಲಹೆ ಇಷ್ಟೆ. ಸರಂಜಾಮು ಕೊಂಡ ದಿನವೇ ನೆತ್ತಿಗೆ ಏರಬೇಡಿ. ಮೊಣಕಾಲೆತ್ತರದಲ್ಲಿ ಕಟ್ಟಿಕೊಂಡು, ಎರಡೂ ಕೈ ಬಿಟ್ಟು, ಹಿಂದಕ್ಕೆ ಒರಗಿ ನೋಡಿ. ಒಂದು ವಾರ ಅಲ್ಲಿಯೇ ಬೀಳಿ, ಅಲ್ಲಿಯೇ ಏಳಿ. ಊರಿನ ಹಳೆಯ ಏರುಗಾರರಿದ್ದರೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೆ ಹಾರ್ನೆಸ್ಸಿನ ಹೆಸರು ತಿಳಿಯದಿರಬಹುದು, ಮರದ ಮನಸ್ಸು ತಿಳಿದಿರುತ್ತದೆ. ಆ ಎತ್ತರದಲ್ಲಿ ದೇಹಕ್ಕೆ ನಂಬಿಕೆ ಹುಟ್ಟಿದ ಮೇಲೆ ಇನ್ನೊಂದು ಮಾರು ಏರಿ. ಸಂಜೆ ಮನೆಯ ಬಾಗಿಲಲ್ಲಿ ಕಾಯುವವರಿಗೆ ನೀವು ಎಷ್ಟು ಮರ ಏರಿದಿರಿ ಎಂಬುದಕ್ಕಿಂತ ಎಲ್ಲ ಮರಗಳಿಂದಲೂ ಇಳಿದು ಬಂದಿರೇ ಎಂಬುದೇ ಮುಖ್ಯ.